ಮ್ಯೂಟ್ ಮಾಡಿದ ನೆರೆಯವನು



ಸಮಾರಿಯದವನ ಸಾಮತಿ (ಲೂಕ 10:25-37) ನಮಗೆಲ್ಲ ಬಾಯಿಪಾಠ. ಅದರಲ್ಲಿ ಯಾಜಕನೂ ಲೇವಿಯನೂ ಗಾಯಾಳುವನ್ನು ನೋಡದೆ ಹೋದವರಲ್ಲ, ನೋಡಿಯೇ ಹೋದವರು. 2023ರ ಮೇ ತಿಂಗಳಲ್ಲಿ ವ್ಯಾಟಿಕನ್ನಿನ ಸಂವಹನ ಇಲಾಖೆ ಸಾಮಾಜಿಕ ಜಾಲತಾಣಗಳ ಕುರಿತು ಪ್ರಕಟಿಸಿದ ಚಿಂತನೆ ಇದೇ ಸಾಮತಿಯನ್ನು ಆಧಾರವಾಗಿ ಹಿಡಿದಿದೆ. ಬೆರಳಲ್ಲಿ ತಳ್ಳುತ್ತಾ ಮುಂದೆ ಹೋಗುವ ನಮಗೆ ಅದು ನೇರವಾಗಿ ತಾಗುತ್ತದೆ.

ಹೊಸೂರು ಗಡಿಯ ನಮ್ಮ ಧರ್ಮಕೇಂದ್ರದಲ್ಲಿ ಭಾನುವಾರ ಒಂದು ಪೂಜೆ ತಮಿಳಿನಲ್ಲಿ, ಇನ್ನೊಂದು ಕನ್ನಡದಲ್ಲಿ. ಗಾನವೃಂದ ಎರಡು, ಕೀಬೋರ್ಡ್ ಒಂದೇ. ಕಳೆದ ತಪಸ್ಸುಕಾಲದಲ್ಲಿ ಭಾಷೆಯ ಜಗಳದ ರೀಲೊಂದು ನಮ್ಮ ಯುವಜನರ ಗುಂಪಿಗೆ ಬಂತು. ಸಿಟ್ಟಿನಿಂದಲೇ ನೋಡಿದೆವು, ಮತ್ತೊಮ್ಮೆ ನೋಡಿದೆವು, ಕಮೆಂಟೂ ಹಾಕಿದೆವು. ಮರುದಿನ ಅಂಥವೇ ನಾಲ್ಕು ಬಂದವು. ವಾರ ಕಳೆಯುವಷ್ಟರಲ್ಲಿ ಫೀಡ್ ತುಂಬ ಅವೇ.

ಫೀಡಿಗೆ ನಮ್ಮ ಮೆಚ್ಚುಗೆ ಯಾವುದು, ಸಿಟ್ಟು ಯಾವುದು ಎಂದು ತಿಳಿಯದು. ಎಷ್ಟು ಹೊತ್ತು ನಿಂತು ನೋಡಿದೆವು, ಏನನ್ನು ಹಂಚಿಕೊಂಡೆವು, ಎಲ್ಲಿ ಉತ್ತರ ಕೊಟ್ಟೆವು ಎಂದು ಲೆಕ್ಕ ಹಿಡಿದು ಮುಂದಿನದನ್ನು ಬಡಿಸುತ್ತದೆ. ಬಯ್ದು ಬರೆದ ಕಮೆಂಟೂ ಅದರ ಪಾಲಿಗೆ ಇನ್ನೊಂದು ಸೌಟು ಕೇಳಿದ ಹಾಗೆ. (ನಮ್ಮಲ್ಲಿ ಬಿಎಸ್ಸಿ ಓದಿದವರಿಗಾದರೂ ಇದು ಹೊಳೆಯಬೇಕಿತ್ತು.)

ಆಮೇಲೆ ಮಾಡಿದ್ದನ್ನು ಹೇಳಲು ನಾಚಿಕೆ. ಆ ರೀಲಿಗೆ ಲೈಕ್ ಕೊಟ್ಟಿದ್ದ ತಮಿಳು ಗಾನವೃಂದದ ಅಣ್ಣನೊಬ್ಬನನ್ನು ನಾವೆಲ್ಲ ಮ್ಯೂಟ್ ಮಾಡಿದೆವು. ಇನ್‌ಸ್ಟಾಗ್ರಾಮಿನಲ್ಲಿ ಪೋಸ್ಟು, ವಾಟ್ಸಾಪಿನಲ್ಲಿ ಸ್ಟೇಟಸ್ಸು. ಮ್ಯೂಟ್ ಮಾಡಿದ್ದು ಎದುರಿನವರಿಗೆ ಗೊತ್ತಾಗುವುದಿಲ್ಲ, ದೇವಾಲಯದ ಅಂಗಳದಲ್ಲಿ ನಗುನಗುತ್ತಾ ಮಾತಾಡಬಹುದು. ಮೂರು ವಾರದ ನಂತರ ಕೀಬೋರ್ಡ್ ಮುಂದೆ ಬೇರೆ ಹುಡುಗ ಕೂತಿದ್ದ. ಅಣ್ಣನ ಅಮ್ಮನಿಗೆ ಆಪರೇಷನ್ ಆಗಿತ್ತು. ರಕ್ತ ಬೇಕೆಂದು ಆತ ಎರಡು ದಿನ ಸ್ಟೇಟಸ್ ಹಾಕಿದ್ದ. ನಮ್ಮಲ್ಲಿ ಇಬ್ಬರದು ಅದೇ ಗುಂಪಿನ ರಕ್ತ.

ದೇವರ ದಯೆ, ರಕ್ತ ಬೇರೆ ಕಡೆ ಸಿಕ್ಕಿತು. ಯಾರೋ ಸಮಾರಿಯದವರು ಬಂದರು. ದಾಟಿ ಹೋದವರು ನಾವು.

ಹಾಗೆಂದು ಫೀಡನ್ನು ಅದರ ಪಾಡಿಗೆ ಬಿಡಬೇಕೆಂದಲ್ಲ. ಕಣ್ಣನ್ನು ಯೇಸುಸ್ವಾಮಿ ದೇಹದ ದೀಪಕ್ಕೆ ಹೋಲಿಸಿದ್ದಾರೆ (ಮತ್ತಾಯ 6:22), ದೀಪವನ್ನು ಒರೆಸಲೇಬೇಕು. ಯೂಟ್ಯೂಬಿನಲ್ಲಿ ವಿಡಿಯೋ ಪಕ್ಕದ ಮೂರು ಚುಕ್ಕೆ ಒತ್ತಿದರೆ 'ಆಸಕ್ತಿ ಇಲ್ಲ' ಎನ್ನಬಹುದು, ಆ ಚಾನೆಲ್ಲೇ ಬೇಡ ಎಂದೂ ಹೇಳಬಹುದು. ನೋಡಿದ್ದರ ದಾಖಲೆ ಅಳಿಸಬಹುದು. ಇನ್‌ಸ್ಟಾಗ್ರಾಮ್ ಸೂಚಿಸುವುದನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡುವ ಸೌಲಭ್ಯ 2024ರಲ್ಲಿ ಬಂದಿದೆ. ದ್ವೇಷ, ಬೆಟ್ಟಿಂಗ್, ಅಶ್ಲೀಲಕ್ಕೆ ಇದನ್ನೆಲ್ಲ ಧಾರಾಳವಾಗಿ ಬಳಸಿ. ನಾವು ತಪ್ಪಿದ್ದು ಜಗಳದ ರೀಲುಗಳನ್ನು ಉಳಿಸಿಕೊಂಡು ಮನುಷ್ಯನನ್ನು ತೆಗೆದುಹಾಕಿದ್ದರಲ್ಲಿ.

ಈಗ ಪಾಪನಿವೇದನೆಗೆ ಮುನ್ನ ಆತ್ಮಶೋಧನೆ ಮಾಡುವಾಗ ಫೋನನ್ನೂ ತೆರೆಯುತ್ತೇವೆ. ಮೊದಲು ಬರುವ ಹತ್ತು ಪೋಸ್ಟುಗಳನ್ನು ನೋಡುತ್ತೇವೆ. ಯಾರಿಗೂ ತೋರಿಸಬೇಕಿಲ್ಲ. ಆಮೇಲೆ ಸೆಟ್ಟಿಂಗ್ಸಿನಲ್ಲಿರುವ ಮ್ಯೂಟ್ ಪಟ್ಟಿ. ಅದರ ಒಂದೊಂದು ಹೆಸರಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಸುಲಭವಲ್ಲ.

ಅಮ್ಮನನ್ನು ನೋಡಲು ಮೂವರು ಹೋಗಿದ್ದೆವು. ಕಾಫಿ ಕೊಟ್ಟು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ, ಇಷ್ಟು ದಿವಸ ಎಲ್ಲಿ ಹೋಗಿದ್ರಿ ಎಂದು ಕೇಳಿದರು. ಆಗ ನಾವು ಬಾಯಿ ಬಿಡಲಿಲ್ಲ. ಇದನ್ನು ಅಚ್ಚಿಗೆ ಕೊಡುವ ಮುಂಚೆ ಅಣ್ಣನಿಗೆ ಓದಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಬರುವ ಭಾನುವಾರ ಕಾಣಿಕೆಗೆ ಯಾವ ಹಾಡು ಎಂದು ಕೇಳಿದ.