ಮೊದಲ ಹೊಡೆತ ಯಾರದು?

ಆಟದಲ್ಲಿ ಗೆದ್ದವನು ತನ್ನ ಗೆಲುವನ್ನು ಕೈಚಳಕದ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ. ಸೋತವನು ತನ್ನ ಸೋಲನ್ನು ನಸೀಬಿನ ಲೆಕ್ಕಕ್ಕೆ ಬರೆಯುತ್ತಾನೆ. ಕೈಯ ಪಾಲೆಷ್ಟು, ನಸೀಬಿನ ಪಾಲೆಷ್ಟು ಎಂದು ಹೇಳಲು ಇಬ್ಬರೂ ಅಲ್ಲದ ಮೂರನೆಯವನೊಬ್ಬ ಬೇಕು. ಬಿಲಿಯರ್ಡ್ಸ್‌ನ ತಮ್ಮನಂತಿರುವ ಪೂಲ್ ಆಟದಲ್ಲಿ ಅಂಥ ಮೂರನೆಯವರು ಇದ್ದಾರೆ. ದೊಡ್ಡ ಪಂದ್ಯಾವಳಿಗಳಲ್ಲಿ ಅವರು ಮೇಜಿನ ಪಕ್ಕ ಕೂತು ಪ್ರತಿಯೊಂದು ಬ್ರೇಕ್ ಹೊಡೆತವನ್ನೂ ಬರೆದುಕೊಳ್ಳುತ್ತಾರೆ. ಮೊದಲ ಹೊಡೆತಕ್ಕೆ ಚೆಂಡು ಬಿತ್ತೋ ಇಲ್ಲವೋ, ಬಿದ್ದದ್ದು ಎಷ್ಟು, ಬಿಳಿ ಚೆಂಡೇ ಗುಂಡಿಗೆ ಹೋಯಿತೋ, ಹೊಡೆದವನು ಎದುರಾಳಿಗೆ ಅವಕಾಶವನ್ನೇ ಕೊಡದೆ ಮೇಜು ಖಾಲಿ ಮಾಡಿದನೋ, ಕೊನೆಗೆ ಆ ಆಟ ಗೆದ್ದವರು ಯಾರು ಎಂದು. ಒಣ ಲೆಕ್ಕ. ಆದರೆ ಅದರ ಒಳಗೆ ಇನ್ಸಾಫಿನ ಪ್ರಶ್ನೆಯೊಂದು ಅಡಗಿ ಕೂತಿದೆ ಎಂದು ನಮಗೆ ಅನ್ನಿಸಿದೆ.

ಒಂಬತ್ತು ಚೆಂಡುಗಳ ಆಟವನ್ನೇ ನೋಡಿ. ಚೆಂಡುಗಳನ್ನು ವಜ್ರದಾಕಾರದಲ್ಲಿ ಜೋಡಿಸುತ್ತಾರೆ. ಮುಂದಿನ ತುದಿಯಲ್ಲಿ ಒಂದನೆಯ ಚೆಂಡು, ನಡುವೆ ಒಂಬತ್ತನೆಯದು, ಅದರ ಎಡಬಲಕ್ಕೆ ರೆಕ್ಕೆಯಂತೆ ಎರಡು. ಜೋಡಣೆ ಬಿಗಿಯಾಗಿದ್ದರೆ ಆ ರೆಕ್ಕೆಯ ಚೆಂಡು ಮೂಲೆಯ ಗುಂಡಿಯ ದಾರಿಯನ್ನೇ ಹಿಡಿಯುತ್ತದೆ. 2001ರ ಅಮೆರಿಕನ್ ಓಪನ್‌ನಲ್ಲಿ ಕೋರಿ ಡ್ಯುಯೆಲ್ ಎಂಬ ಆಟಗಾರ ಇದನ್ನು ಲೋಕಕ್ಕೆ ತೋರಿಸಿಕೊಟ್ಟರು. ಎಲ್ಲರೂ ಮೈಯ ಬಲವನ್ನೆಲ್ಲ ಹಾಕಿ ಬ್ರೇಕ್ ಹೊಡೆಯುತ್ತಿದ್ದಾಗ ಅವರು ಮೆಲ್ಲಗೆ ಹೊಡೆದರು. ಚೆಂಡು ಬೀಳುತ್ತಲೇ ಹೋಯಿತು. ಫೈನಲ್‌ನಲ್ಲಿ ಮೈಕ್ ಸೀಗಲ್ ಅವರಂಥ ದಿಗ್ಗಜನನ್ನು 11-0ರಿಂದ ಸೋಲಿಸಿದರು. ಆಮೇಲೆ ನಿಯಮಗಳು ಅವರ ಹಿಂದೆ ಓಡಿದವು. ಬ್ರೇಕಿನಲ್ಲಿ ಮೂರು ಚೆಂಡಾದರೂ ಗುಂಡಿಗೆ ಬೀಳಬೇಕು ಇಲ್ಲವೇ ಗೆರೆ ದಾಟಿ ಬರಬೇಕು ಎಂದೊಂದು ನಿಯಮ. ಒಂದನೆಯ ಚೆಂಡಿನ ಜಾಗದಲ್ಲಿ ಒಂಬತ್ತನೆಯದು ಬರುವಂತೆ ಇಡೀ ಜೋಡಣೆಯನ್ನೇ ಮುಂದೆ ಸರಿಸಬೇಕು ಎಂದು ಇನ್ನೊಂದು. ಚೆಂಡನ್ನು ಆಟಗಾರನೇ ಜೋಡಿಸಬೇಕೋ, ರೆಫರಿ ಜೋಡಿಸಬೇಕೋ ಎಂಬ ಜಗಳ ಬೇರೆ.

ಇಲ್ಲಿ ಕೌಶಲ ಇರಲಿಲ್ಲವೆಂದು ನಾವು ಹೇಳುತ್ತಿಲ್ಲ, ಬೇಕಾದಷ್ಟಿತ್ತು. ಆದರೆ ಪ್ರೇಕ್ಷಕರು ತೋಳಿನ ಬಲ ಎಂದುಕೊಂಡಿದ್ದರಲ್ಲಿ ಒಳ್ಳೆಯ ಪಾಲು ಜೋಡಣೆಯದ್ದಾಗಿತ್ತು ಎಂಬುದನ್ನು ಲೆಕ್ಕದ ಪುಸ್ತಕ ಹೊರಗೆ ತಂದಿತು.

ನಮ್ಮ ಅರಸೀಕೆರೆಗೆ ಪೂಲ್ ಮೇಜಿಗಿಂತ ಕೇರಂ ಬೋರ್ಡು ಹತ್ತಿರ. ರೈಲ್ವೆ ಜಂಕ್ಷನ್ನಿನ ಊರು, ಕೊಬ್ಬರಿ ವ್ಯಾಪಾರದ ಊರು. ಕಾಯುವವರು ಯಾವಾಗಲೂ ಇರುತ್ತಾರೆ, ಕಾಯುವವರಿಗೆ ಕೇರಂ ಬೇಕು. ಕೇರಂನಲ್ಲೂ ಬ್ರೇಕ್ ಇದೆ. ಒಂಬತ್ತು ಬಿಳಿ, ಒಂಬತ್ತು ಕಪ್ಪು, ನಡುವೆ ಕೆಂಪು ರಾಣಿ. (ಅರಸಿಯ ಹೆಸರಿನ ಊರಿನಲ್ಲಿ ರಾಣಿಗೆ ಇಷ್ಟು ಬೆಲೆ ಇರುವುದು ಸಹಜವೇ.) ಮೊದಲು ಹೊಡೆಯುವವನಿಗೆ ಬಿಳಿ. ಅವನು ಕೈ ತಪ್ಪದೆ ಬಿಳಿಯನ್ನೂ ರಾಣಿಯನ್ನೂ ಒಂದೇ ಸರದಿಯಲ್ಲಿ ಮುಗಿಸಿದರೆ ಅದು ವೈಟ್ ಸ್ಲ್ಯಾಮ್. ಎದುರಿಗೆ ಕೂತವನು ಸ್ಟ್ರೈಕರನ್ನು ಮುಟ್ಟುವುದೂ ಇಲ್ಲ. ಆದರೆ ಕೇರಂ ನಿಯಮದಲ್ಲಿ ಒಂದು ಔದಾರ್ಯವಿದೆ: ಗೆದ್ದವರು ಯಾರೇ ಆಗಲಿ, ಮುಂದಿನ ಬೋರ್ಡಿನ ಬ್ರೇಕ್ ಸರದಿಯ ಪ್ರಕಾರ ಇನ್ನೊಬ್ಬರಿಗೆ ಹೋಗುತ್ತದೆ.

ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಹಿರಿಯರೊಬ್ಬರು ಹೀಗೆ ಆಡುವ ಹುಡುಗರ ಬೋರ್ಡುಗಳನ್ನು ಹಳೆಯ ಜಮಾ-ಖರ್ಚು ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡುತ್ತಿದ್ದರು. ಅದಕ್ಕೆ ಕಾರಣ ಚಹಾ. ಸೋತವನು ಎಲ್ಲರ ಚಹಾದ ದುಡ್ಡು ಕೊಡಬೇಕೆಂಬ ರೂಢಿ. “ಚಾಚಾ, ಬ್ರೇಕ್ ಹೊಡೆದವನೇ ಗೆಲ್ತಾನೆ, ನನ್ನ ಹತ್ರ ಯಾಕೆ ದುಡ್ಡು ಕೇಳ್ತೀರಿ?” ಎಂದು ಒಬ್ಬ ಹುಡುಗ ಹಟ ಹಿಡಿದ. “ಬರೆದು ನೋಡೋಣ ಬೇಟಾ, ಬಾಯಲ್ಲಿ ಯಾಕೆ ಹೇಳ್ತೀಯ” ಎಂದರಂತೆ ಅವರು. ಕೆಲವು ತಿಂಗಳ ಬರವಣಿಗೆಯ ಮೇಲೆ ಅವರು ನಮಗೆ ಹೇಳಿದ್ದು ಇಷ್ಟು: ತುಂಬ ಚೆನ್ನಾಗಿ ಆಡುವವನಿಗೆ ಬ್ರೇಕ್ ಸಿಕ್ಕರೂ ಒಂದೇ, ಸಿಗದಿದ್ದರೂ ಒಂದೇ. ಏನೂ ಬಾರದವನಿಗೂ ಹಾಗೆಯೇ. ಸರಿಸಮಾನರಾದ ಇಬ್ಬರು ಕೂತಾಗ ಮಾತ್ರ ಬ್ರೇಕ್ ಯಾರದು ಎಂಬುದು ಮಾತಾಡುತ್ತದೆ. ಇದು ಪುಟ್ಟ ಊರಿನ ಪುಟ್ಟ ಪುಸ್ತಕದ ಮಾತು, ಇದನ್ನು ಪ್ರಮಾಣವೆಂದು ಯಾರೂ ಹಿಡಿಯಬೇಕಾಗಿಲ್ಲ. ಆದರೂ ‘ಪ್ರತಿಭೆ ಇದ್ದವನು ಹೇಗಾದರೂ ಮೇಲೆ ಬರುತ್ತಾನೆ’ ಎಂದು ಯಾರಾದರೂ ವೇದಿಕೆಯ ಮೇಲೆ ಹೇಳಿದಾಗಲೆಲ್ಲ ನಮಗೆ ಆ ಪುಸ್ತಕ ನೆನಪಾಗುತ್ತದೆ. ಅಸಾಮಾನ್ಯರು ಬರುತ್ತಾರೆ, ನಿಜ. ಆದರೆ ಲೋಕ ತುಂಬಿರುವುದು ಸರಿಸಮಾನರಾದ ಸಾಮಾನ್ಯರಿಂದ.

ಪೂಲ್‌ನಲ್ಲಿ ಕೇರಂನ ಔದಾರ್ಯ ಎಲ್ಲ ಕಡೆಯೂ ಇಲ್ಲ. ಕೆಲವು ಪಂದ್ಯಾವಳಿಗಳಲ್ಲಿ ಬ್ರೇಕ್ ಸರದಿಯ ಮೇಲೆ ಬರುತ್ತದೆ. ಇನ್ನು ಕೆಲವದರಲ್ಲಿ ಗೆದ್ದವನೇ ಮುಂದಿನ ಆಟದ ಬ್ರೇಕನ್ನೂ ಹೊಡೆಯುತ್ತಾನೆ. 1996ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಸತತ 10 ಆಟಗಳನ್ನು ಎದುರಾಳಿಗೆ ಅವಕಾಶ ಕೊಡದೆ ಮುಗಿಸಿದವರಿಗೆ 10 ಲಕ್ಷ ಡಾಲರ್ ಎಂದು ಘೋಷಿಸಿದ್ದರು. ಅರ್ಲ್ ಸ್ಟ್ರಿಕ್ಲ್ಯಾಂಡ್ ಮುಗಿಸಿಯೇಬಿಟ್ಟರು. ಆ ದುಡ್ಡಿಗಾಗಿ ಅವರು ಅಲೆಯಬೇಕಾಗಿ ಬಂದದ್ದು ಬೇರೆ ಕತೆ. ನಮ್ಮ ಕಣ್ಣು ಹೋಗುವುದು ಅಷ್ಟೂ ಹೊತ್ತು ಕುರ್ಚಿಯಲ್ಲಿ ಕೂತಿದ್ದವನ ಕಡೆಗೆ. ಬಿಲಿಯರ್ಡ್ಸ್‌ನಲ್ಲೂ ಈ ಕುರ್ಚಿ ಇದೆ. ಬೆಂಗಳೂರಿನಲ್ಲಿ ಅರವಿಂದ ಸವೂರ್ ಅವರ ಗರಡಿಯಲ್ಲಿ ಬೆಳೆದ ಪಂಕಜ್ ಅಡ್ವಾಣಿ 2005ರಲ್ಲಿ ಮಾಲ್ಟಾದಲ್ಲಿ ವಿಶ್ವ ಬಿಲಿಯರ್ಡ್ಸ್‌ನ ಎರಡೂ ಬಗೆಯ ಪ್ರಶಸ್ತಿಗಳನ್ನು ಒಟ್ಟಿಗೆ ಗೆದ್ದರು. ಒಂದು ಗಂಟೆಗಳ ಲೆಕ್ಕದ್ದು, ಇನ್ನೊಂದು 150 ಅಂಕಗಳ ಲೆಕ್ಕದ್ದು. ಈ ಎರಡನೆಯದರಲ್ಲಿ ಕೈ ಕುದುರಿದವನು ಒಂದೇ ಸರದಿಗೆ 150 ಮುಟ್ಟಬಹುದು. ಎದುರಾಳಿ ಕ್ಯೂ ಕೋಲನ್ನು ಮೊಣಕಾಲ ಮೇಲಿಟ್ಟುಕೊಂಡು ನೋಡುತ್ತಿರಬೇಕು. ಅಡ್ವಾಣಿಯವರ ಆಟ ನೋಡುವುದು ಸಂಭ್ರಮವೇ; ಆದರೆ ಕತೆ ಬರೆಯುವವರಿಗೆ ಕುರ್ಚಿಯ ಮನುಷ್ಯನನ್ನೂ ನೋಡುವ ಚಟವಿರುತ್ತದೆ.

ಗೆದ್ದವನಿಗೇ ಮತ್ತೆ ಬ್ರೇಕ್ ಎಂದರೆ ಉಳ್ಳವನಿಗೇ ಮತ್ತಷ್ಟು ಕೊಟ್ಟಂತೆ, ಇದು ಅನ್ಯಾಯ ಎಂದು ಯಾರಿಗಾದರೂ ಥಟ್ಟನೆ ಅನ್ನಿಸುತ್ತದೆ. ಗಣಿತ ಬೇರೆಯೇ ಮಾತು ಹೇಳುತ್ತದೆ. ಸರಿಸಮಾನರಿಬ್ಬರಲ್ಲಿ ಬ್ರೇಕ್ ಹೊಡೆದವನು ನೂರಕ್ಕೆ 60 ಸಲ ಆಟ ಗೆಲ್ಲುತ್ತಾನೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಎರಡು ಆಟ ಮೊದಲು ಗೆದ್ದವನು ಪಂದ್ಯ ಗೆದ್ದಂತೆ. ಸರದಿಯ ಪದ್ಧತಿಯಲ್ಲಿ, ಮೊದಲ ಬ್ರೇಕ್ ಸಿಕ್ಕವನು ಪಂದ್ಯ ಗೆಲ್ಲುವ ಸಂಭವ ನೂರಕ್ಕೆ 55.2. ಗೆದ್ದವನೇ ಹೊಡೆಯುವ ಪದ್ಧತಿಯಲ್ಲಿ? ಅದೂ 55.2. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎರಡರ ಬದಲು ಒಂಬತ್ತು ಆಟದ ಪಂದ್ಯವಾದರೂ ಹೀಗೆಯೇ. ಕಾರಣ ಕಷ್ಟದ್ದಲ್ಲ. ಗೆದ್ದವನೇ ಹೊಡೆಯುವುದಾದರೆ, ಮೊದಲು ಶುರು ಮಾಡಿದವನಿಗೆ ಆ ಮೊದಲ ಬ್ರೇಕಿನ ಮೇಲೆ ತಾನು ಗೆದ್ದ ಪ್ರತಿ ಆಟಕ್ಕೊಂದು ಬ್ರೇಕ್ ಸಿಗುತ್ತದೆ. ಒಂಬತ್ತನೆಯದನ್ನು ಗೆದ್ದೊಡನೆ ಪಂದ್ಯವೇ ಮುಗಿಯುವುದರಿಂದ ಅವನಿಗೆ ಒಟ್ಟು ಒಂಬತ್ತಕ್ಕಿಂತ ಹೆಚ್ಚು ಸಿಗಲಾರದು. ಎದುರಾಳಿಗೆ ಎಂಟಕ್ಕಿಂತ ಹೆಚ್ಚು ಸಿಗಲಾರದು. ಸರದಿಯಲ್ಲೂ ಗರಿಷ್ಠ ಇದೇ ಒಂಬತ್ತು, ಎಂಟು. ಎಂಟು-ಎಂಟರಲ್ಲಿ ನಿಂತಾಗ ಕೊನೆಯ ಬ್ರೇಕ್ ಮೊದಲು ಶುರು ಮಾಡಿದವನದೇ. ಹೊಡೆತಗಳ ಕ್ರಮ ಬದಲಾಗುತ್ತದೆಯೇ ಹೊರತು ಪಾಲು ಬದಲಾಗುವುದಿಲ್ಲ.

ಹಾಗಾದರೆ ನಮ್ಮೊಳಗಿನ ಸಿಟ್ಟು ಸುಳ್ಳೇ? ಪೂರ್ತಿ ಸುಳ್ಳಲ್ಲ. ಗಣಿತ ಒಂದು ಷರತ್ತಿನ ಮೇಲೆ ನಿಂತಿದೆ. ಐದಾಟ ಕುರ್ಚಿಯಲ್ಲಿ ಕೂತವನ ಕೈ ತಣ್ಣಗಾಗುವುದಿಲ್ಲ, ಎದೆ ಕುಗ್ಗುವುದಿಲ್ಲ ಎಂದು ಅದು ನಂಬುತ್ತದೆ. ಮನುಷ್ಯನ ಎದೆಯನ್ನು ಅಳೆಯುವುದು ಸುಲಭವಲ್ಲ. ಫುಟ್‌ಬಾಲಿನ ಪೆನಾಲ್ಟಿ ಶೂಟೌಟ್‌ನಲ್ಲಿ ಇಂಥ ಪ್ರಯತ್ನ ನಡೆದಿದೆ. 129 ಶೂಟೌಟ್‌ಗಳನ್ನು ನೋಡಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೊದಲು ಒದೆಯುವ ತಂಡ ನೂರಕ್ಕೆ ಸುಮಾರು 60 ಸಲ ಗೆಲ್ಲುತ್ತದೆ, ಹಿಂದೆ ಬಿದ್ದವರ ಮನಸ್ಸಿನ ಒತ್ತಡವೇ ಕಾರಣ ಎಂದಿತು. ಎರಡು ವರ್ಷದ ನಂತರ ಇತರರು 540 ಶೂಟೌಟ್‌ಗಳನ್ನು ಎಣಿಸಿದಾಗ ಅದು 53ರ ಹತ್ತಿರಕ್ಕೆ ಇಳಿಯಿತು. ಆಕಸ್ಮಿಕವೆಂದು ತಳ್ಳಿಹಾಕಬಹುದಾದಷ್ಟು ಸಣ್ಣ ಅಂತರ. ಸಣ್ಣ ಗುಂಪನ್ನು ಎಣಿಸಿ ದೊಡ್ಡ ಮಾತು ಆಡುವುದು ಅಂಗಡಿಕಟ್ಟೆಯಲ್ಲಿ ಮಾತ್ರ ನಡೆಯುವುದಲ್ಲ. ಒಂದು ಕೋಮಿನ ನಾಲ್ವರನ್ನು ನೋಡಿ ಇಡೀ ಕೋಮಿನ ಜಾತಕ ಬರೆಯುವವರು ಈ ಮಾತಿಗೆ ಸ್ವಲ್ಪ ಕಿವಿಗೊಡಬೇಕು.

ಆದರೆ ನಮಗೆ ಮುಖ್ಯವೆನಿಸುವುದು ಇನ್ನೊಂದು ಷರತ್ತು. ಪೂಲ್‌ನಲ್ಲಿ ಗೆದ್ದವನೇ ಬ್ರೇಕ್ ಹೊಡೆದರೂ ಅದು ಆ ಪಂದ್ಯಕ್ಕಷ್ಟೇ. ಮುಂದಿನ ಪಂದ್ಯಕ್ಕೆ ಮತ್ತೆ ಸೊನ್ನೆಯಿಂದ ಲ್ಯಾಗ್ ನಡೆಯುತ್ತದೆ. ಇಬ್ಬರೂ ಒಟ್ಟಿಗೆ ಚೆಂಡನ್ನು ಆಚೆ ಅಂಚಿಗೆ ತಾಗಿಸಿ ಮರಳಿ ತರಬೇಕು, ಈಚೆ ಅಂಚಿಗೆ ಹತ್ತಿರ ನಿಲ್ಲಿಸಿದವನಿಗೆ ಮೊದಲ ಹಕ್ಕು. ನಿನ್ನೆ ಹನ್ನೊಂದು ಆಟ ಗೆದ್ದವನೂ ಇವತ್ತು ಲ್ಯಾಗ್ ಹೊಡೆಯಲೇಬೇಕು. ಅವನ ಮಗನಿಗಂತೂ ಅಪ್ಪನ ಬ್ರೇಕ್ ಉತ್ತರಾಧಿಕಾರದಲ್ಲಿ ಬರುವುದಿಲ್ಲ. ಲೋಕದ ಆಟದಲ್ಲಿ ಈ ಲ್ಯಾಗ್ ಎಲ್ಲಿದೆ? ಅಜ್ಜ ಹೊಡೆದ ಬ್ರೇಕಿನ ಮೇಲೆ ಮೊಮ್ಮಗ ಆಡುತ್ತಿರುತ್ತಾನೆ, ಗೆದ್ದು ‘ಮೆರಿಟ್’ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಓದಿದ್ದಾನೆ, ನಿದ್ದೆಗೆಟ್ಟಿದ್ದಾನೆ. ಚೆಂಡು ಜೋಡಿಸಿದವರು ಯಾರೆಂದು ಮಾತ್ರ ಅವನಿಗೆ ಗೊತ್ತಿಲ್ಲ.

ನಮ್ಮ ಹಾಸನ ಜಿಲ್ಲೆಯೂ ಸೇರಿದ್ದ ಹಳೆಯ ಮೈಸೂರು ಸಂಸ್ಥಾನದಲ್ಲಿ ಈ ಜೋಡಣೆಯನ್ನು ಎಣಿಸಿ ನೋಡುವ ಕೆಲಸ ನೂರು ವರ್ಷಗಳ ಹಿಂದೆಯೇ ನಡೆದಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರ, ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿತು. ಸರಕಾರಿ ಹುದ್ದೆಗಳು ಬಹುಪಾಲು ಒಂದೇ ಸಮುದಾಯದ ಕೈಯಲ್ಲಿದ್ದವು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಬೇರೆಯವರಿಗೆ ಸಿಗಬೇಕೆಂದು ಸಮಿತಿ 1919ರಲ್ಲಿ ಹೇಳಿತು. ಆಗಲೂ ದಕ್ಷತೆ ಹಾಳಾಗುತ್ತದೆ ಎಂಬ ಕೂಗು ಎದ್ದಿತ್ತು. 2006ರ ಸಾಚಾರ್ ವರದಿ ಎಣಿಸಿದಾಗ ದೇಶದ ಜನಸಂಖ್ಯೆಯಲ್ಲಿ ಶೇಕಡಾ 13.4ರಷ್ಟಿದ್ದ ಮುಸ್ಲಿಮರು ಐಎಎಸ್‌ನಲ್ಲಿ ಶೇಕಡಾ 3ರಷ್ಟಿದ್ದರು. ಕರ್ನಾಟಕದಲ್ಲಿ 1995ರಿಂದ ಇದ್ದ ಶೇಕಡಾ 4ರ ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ ಆಗಿನ ಸರಕಾರ ರದ್ದುಮಾಡಿತು. ಆ ಆದೇಶವನ್ನು ಸದ್ಯಕ್ಕೆ ಜಾರಿ ಮಾಡುವುದಿಲ್ಲವೆಂದು ಸುಪ್ರೀಂ ಕೋರ್ಟಿನ ಮುಂದೆ ಹೇಳಬೇಕಾಗಿ ಬಂದದ್ದೂ ಅದೇ ಸರಕಾರಕ್ಕೆ. ಈ ಅಂಕಿಗಳನ್ನು ಸೋತವನ ಗೊಣಗಾಟ ಎನ್ನುವವರಿದ್ದಾರೆ. ಎಣಿಸಿದವರು ಸೋತವರಲ್ಲ ಎಂಬುದನ್ನು ಅವರು ಮರೆಯುತ್ತಾರೆ.

ನಸೀಬೇ ಎಲ್ಲವನ್ನೂ ನಡೆಸುವುದಾದರೆ ಇನ್ಸಾಫಿನ ಮಾತು ಯಾಕೆ ಎಂದು ಕೇಳುವ ಧರ್ಮಭೀರುಗಳೂ ಇದ್ದಾರೆ. ಅವರು ಚೀಟಿ ಎತ್ತುವುದಕ್ಕೂ ಜೂಜಿಗೂ ನಮ್ಮ ಪರಂಪರೆ ಮಾಡಿರುವ ಭೇದವನ್ನು ಗಮನಿಸಬೇಕು. ಪ್ರವಾದಿ (ಸ) ಪ್ರಯಾಣಕ್ಕೆ ಹೊರಡುವಾಗ ಯಾವ ಮಡದಿ ಜೊತೆಗೆ ಬರಬೇಕೆಂದು ಚೀಟಿ ಎತ್ತುತ್ತಿದ್ದರೆಂದು ಹದೀಸಿನಲ್ಲಿದೆ. ಬಾಲೆ ಮರ್ಯಮರ ಪೋಷಣೆ ಯಾರದೆಂದು ಲೇಖನಿಗಳನ್ನು ಎಸೆದು ತೀರ್ಮಾನಿಸಿದ ಪ್ರಸಂಗ ಖುರ್‌ಆನಿನಲ್ಲಿದೆ. ಅದೇ ಖುರ್‌ಆನ್ ಮೈಸಿರ್ ಎಂಬ ಬಾಣದ ಜೂಜನ್ನು ನಿಷೇಧಿಸಿತು. ಎರಡರಲ್ಲೂ ಇರುವುದು ಆಕಸ್ಮಿಕವೇ. ಆದರೆ ಚೀಟಿ ಎತ್ತುವುದು ಎಲ್ಲರ ಹಕ್ಕೂ ಸಮನಾಗಿದ್ದಾಗ, ಯಾರ ಹಕ್ಕನ್ನೂ ಕಸಿಯದೆ ಸರದಿ ಗೊತ್ತುಮಾಡಲಿಕ್ಕೆ. ಜೂಜು ಇನ್ನೊಬ್ಬನ ಪಾಲನ್ನು ಆಕಸ್ಮಿಕದ ಹೆಸರಿನಲ್ಲಿ ಎತ್ತಿಕೊಳ್ಳಲಿಕ್ಕೆ. (ಸೋತವನು ಚಹಾ ಕುಡಿಸುವುದು ಇದರಲ್ಲಿ ಯಾವುದು ಎಂದು ಮೌಲವಿಗಳನ್ನು ಕೇಳಿದರೆ ಆ ಹಿರಿಯರ ಪುಸ್ತಕ ಮುಚ್ಚಿಹೋಗುತ್ತಿತ್ತೇನೋ.) ಹುಟ್ಟು ಒಂದು ಚೀಟಿ, ಅದನ್ನು ಎತ್ತಿದವರು ನಾವಲ್ಲ. ಆ ಚೀಟಿಯ ಬಲದ ಮೇಲೆ ಇನ್ನೊಬ್ಬರ ಸರದಿಯನ್ನೂ ನುಂಗಿದರೆ ಅದು ಮೈಸಿರ್‌ನ ಪಕ್ಕಕ್ಕೆ ಬಂದು ನಿಲ್ಲುತ್ತದೆ ಎಂದೇ ನಮ್ಮ ಭಾವನೆ.

ಇದನ್ನು ಬೇರೆಯವರಿಗೆ ಹೇಳಿ ಸುಮ್ಮನಾಗುವಂತಿಲ್ಲ. ನಮ್ಮ ಮೊಹಲ್ಲಾಗಳಲ್ಲಿ ಬ್ರೇಕ್ ಯಾವಾಗಲೂ ಗಂಡುಮಗನದು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ಹೆಣ್ಣುಮಕ್ಕಳೇ ಮುಂದೆ ಎಂಬ ತಲೆಬರಹವನ್ನು ನಾವೂ ಓದುತ್ತೇವೆ, ಓದಿ ಪತ್ರಿಕೆ ಮಡಿಸಿಡುತ್ತೇವೆ. ಹುಡುಗ ಒಂದು ಸಲ ತಪ್ಪಿದರೆ ಮತ್ತೆ ಪರೀಕ್ಷೆಗೆ ಕೂರಿಸುತ್ತೇವೆ, ಮತ್ತೊಂದು ಸಲ ತಪ್ಪಿದರೆ ಮತ್ತೊಮ್ಮೆ ಕೂರಿಸುತ್ತೇವೆ. ಅಷ್ಟರಲ್ಲಿ ಒಳ್ಳೆಯ ಅಂಕ ತೆಗೆದು ಮನೆಯಲ್ಲಿ ಕೂತ ತಂಗಿಗೆ ಗಂಡು ನೋಡುವ ಮಾತು ಶುರುವಾಗಿರುತ್ತದೆ. ಅಂಥ ಮನೆಯೊಂದರಲ್ಲಿ, ಮದುವೆಯ ಕರೆಯೋಲೆ ಕೊಡಲು ಬಂದ ತಂದೆಯನ್ನು ನಾವು ಕೇಳಿದೆವು: ಹುಡುಗಿ ಪಿಯುಸಿ ಮುಗಿಸಬಹುದಿತ್ತಲ್ಲ ಭಾಯಿಸಾಬ್? “ಮುಗಿಸಬಹುದಿತ್ತು, ಓದೋ ಮಗುವೇ” ಎಂದರು. “ಆದರೆ ಅವಳ ಅಣ್ಣಂದಿನ್ನೂ ಮುಗಿದಿಲ್ಲ ನೋಡಿ.”