ಇಳಿಜಾರು ಮಾಡಿನಡಿಯ ಸ್ನಾನ: ದೇಹಭಂಗಿಯ ಒಂದು ಪ್ರಶ್ನೆ

ಫ್ರಾನ್ಸಿನಲ್ಲಿ ಅಪಾರ್ಟ್‌ಮೆಂಟುಗಳನ್ನು ಮಾರುವಾಗ ವಿಸ್ತೀರ್ಣವನ್ನು ಅಳೆಯುವ ಕ್ರಮವನ್ನು 1996ರ ಕಾರೆಜ್ ಕಾನೂನು ಗೊತ್ತುಪಡಿಸುತ್ತದೆ. ಅದರ ಪ್ರಕಾರ ಚಾವಣಿಯ ಎತ್ತರ 1.80 ಮೀಟರಿಗಿಂತ ಕಡಿಮೆಯಿರುವ ನೆಲ ಲೆಕ್ಕಕ್ಕೆ ಸೇರುವುದಿಲ್ಲ. ಪ್ಯಾರಿಸ್ಸಿನ ಹಳೆಯ ಕಟ್ಟಡಗಳಲ್ಲಿ ಸತುವಿನ ತಗಡು ಹೊದಿಸಿದ ಮಾಡಿನ ಕೆಳಗಿರುವ ಅಟ್ಟದ ಮನೆಗಳಿಗೆ ಈ ನಿಯಮ ನೇರವಾಗಿ ತಾಗುತ್ತದೆ. ಅಲ್ಲಿ ಗೋಡೆಯ ಕಡೆಗೆ ಸರಿದಷ್ಟೂ ಚಾವಣಿ ತಗ್ಗುತ್ತ ಬರುವುದರಿಂದ ಕಾಲಿಗೆ ಸಿಗುವ ನೆಲವೆಲ್ಲ ಕಾಗದದಲ್ಲಿ ಸಿಗುವುದಿಲ್ಲ. ಹೀಗೆ ಕಾನೂನು ಕೈಬಿಟ್ಟ ಆ ಅಂಚಿನಲ್ಲಿಯೇ ವಾಸ್ತುಶಿಲ್ಪಿಗಳು ಬಹಳ ಸಲ ಸ್ನಾನದ ತೊಟ್ಟಿಯನ್ನು, ಅಂದರೆ ಬಾತ್‌ಟಬ್ಬನ್ನು, ಇರಿಸುತ್ತಾರೆ. ತೊಟ್ಟಿಯಲ್ಲಿ ಒರಗಿ ಕುಳಿತವರ ತಲೆ ನೆಲದಿಂದ ಸುಮಾರು ಒಂದು ಮೀಟರು ಎತ್ತರದಲ್ಲಿರುತ್ತದೆಯಾದ್ದರಿಂದ ಅವರಿಗೆ 1.80 ಮೀಟರಿನ ಅಗತ್ಯವೇ ಬೀಳುವುದಿಲ್ಲ. ನಿಂತ ಮನುಷ್ಯನನ್ನೇ ಮನುಷ್ಯನ ಅಳತೆಯೆಂದು ಏಕೆ ಒಪ್ಪಬೇಕು ಎಂಬ ಪ್ರಶ್ನೆ, ಕಾನೂನು ಮತ್ತು ತೊಟ್ಟಿಯ ನಡುವಿನ ಈ ಸಣ್ಣ ಜಗಳದೊಳಗೆ ಅಡಗಿದೆ.

ಆ ಅಳತೆಯ ಹಿಂದೆ ಬಹಳ ಹಳೆಯ ತತ್ತ್ವವೊಂದಿದೆ. ಅರಿಸ್ಟಾಟಲ್ ಪ್ರಾಣಿಗಳ ಅಂಗಾಂಗಗಳನ್ನು ಕುರಿತ ತನ್ನ ಗ್ರಂಥದಲ್ಲಿ, ಮನುಷ್ಯನ ಸ್ವಭಾವ ದೈವಿಕವಾದುದರಿಂದ ಪ್ರಾಣಿಗಳಲ್ಲಿ ಅವನೊಬ್ಬನೇ ನೆಟ್ಟಗೆ ನಿಲ್ಲುತ್ತಾನೆಂದೂ, ದೇಹದ ಮೇಲ್ಭಾಗದಲ್ಲಿ ಹೆಚ್ಚು ಭಾರವಿದ್ದರೆ ಬುದ್ಧಿಯ ಚಲನೆ ಜಡವಾಗುತ್ತದೆಂದೂ ವಾದಿಸುತ್ತಾನೆ. ಅವನ ದೃಷ್ಟಿಯಲ್ಲಿ ವಿಚಾರಶಕ್ತಿಯ ಶತ್ರು ಭಾರ. ನಿಲುವು ಆ ಭಾರದಿಂದ ತಪ್ಪಿಸಿಕೊಳ್ಳುವ ಉಪಾಯ.

ಭಾರತೀಯ ವೇದಾಂತದಲ್ಲಿ ಇದೇ ಪ್ರಶ್ನೆ ಬೇರೆ ದಾರಿಯಿಂದ, ಇನ್ನಷ್ಟು ಸೂಕ್ಷ್ಮವಾಗಿ ಬರುತ್ತದೆ. ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದ ಮೊದಲ ಪಾದದಲ್ಲಿ ಉಪಾಸನೆಯನ್ನು, ಅಂದರೆ ಒಂದೇ ವಿಷಯದ ಮೇಲೆ ಚಿತ್ತವೃತ್ತಿಯನ್ನು ಎಡೆಬಿಡದೆ ಹರಿಸುವ ಸಾಧನೆಯನ್ನು, ಯಾವ ಭಂಗಿಯಲ್ಲಿ ಮಾಡಬೇಕೆಂಬ ಚರ್ಚೆಯಿದೆ. ಉಪಾಸನೆ ಮನಸ್ಸಿನ ಕೆಲಸವಾದ್ದರಿಂದ ದೇಹ ಹೇಗಿದ್ದರೇನು ಎಂಬುದು ಪೂರ್ವಪಕ್ಷ, ಅಂದರೆ ಖಂಡಿಸುವುದಕ್ಕಾಗಿ ಮೊದಲು ಮುಂದಿಡುವ ಎದುರಾಳಿಯ ವಾದ. ಶಂಕರರು ತಮ್ಮ ಭಾಷ್ಯದಲ್ಲಿ ಇದನ್ನು ಒಪ್ಪದೆ, ನಡೆಯುವವನ ಅಥವಾ ಓಡುವವನ ಚಿತ್ತ ಚದುರುತ್ತದೆ, ನಿಂತವನ ಮನಸ್ಸು ದೇಹವನ್ನು ಬೀಳದಂತೆ ಹಿಡಿದಿಡುವುದರಲ್ಲೇ ತೊಡಗಿರುತ್ತದೆ, ಮಲಗಿದವನನ್ನು ನಿದ್ದೆ ಹಠಾತ್ತನೆ ಆವರಿಸುತ್ತದೆ, ಆದುದರಿಂದ ಕುಳಿತೇ ಉಪಾಸನೆ ಮಾಡಬೇಕೆಂದು ನಿರ್ಣಯಿಸುತ್ತಾರೆ. ಅರಿಸ್ಟಾಟಲ್‌ನಿಗೆ ಬುದ್ಧಿಯನ್ನು ಹಗುರಾಗಿಸುವ ನಿಲುವು ಶಂಕರರಿಗೆ ಮನಸ್ಸಿನ ಮೇಲೆ ಹೊರಿಸಿದ ಒಂದು ಚಾಕರಿಯಂತೆ ಕಾಣುತ್ತದೆ; ಬಹಳ ಹೊತ್ತು ಸರತಿಯ ಸಾಲಿನಲ್ಲಿ ನಿಂತ ಯಾರೂ ಇದನ್ನು ಅಲ್ಲಗಳೆಯಲಾರರು. ಇನ್ನೂ ಕುತೂಹಲದ ಸಂಗತಿಯೆಂದರೆ, ಭಂಗಿಯ ವಿಷಯದಲ್ಲಿ ಇಷ್ಟು ಬಿಗಿಯಾದ ಅದೇ ಪ್ರಕರಣ, ದಿಕ್ಕು, ದೇಶ, ಕಾಲಗಳ ವಿಷಯಕ್ಕೆ ಬಂದಾಗ ಸಡಿಲಗೊಂಡು, ಏಕಾಗ್ರತೆ ಎಲ್ಲಿ ಸುಲಭವೋ ಅಲ್ಲಿ ಕುಳಿತರೆ ಸಾಕೆನ್ನುತ್ತದೆ. ಆದ್ದರಿಂದ ಚಾವಣಿ ತಗ್ಗಾಗಿದೆ ಎಂಬ ಒಂದೇ ಕಾರಣಕ್ಕೆ ಯಾವ ಮೂಲೆಯೂ ಅನರ್ಹವಾಗುವುದಿಲ್ಲ.

ತೊಟ್ಟಿಯಲ್ಲಿರುವ ದೇಹ ಪೂರ್ತಿ ಕುಳಿತದ್ದೂ ಅಲ್ಲ, ಪೂರ್ತಿ ಮಲಗಿದ್ದೂ ಅಲ್ಲ. ಮುಳುಗಿದ ಭಾಗ ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟು ಭಾರ ಕಡಿಮೆಯಾಗುವುದರಿಂದ ಅರಿಸ್ಟಾಟಲ್ ಅಂಜಿದ ಭಾರ ಅಲ್ಲಿ ಬಹುಪಾಲು ಇಳಿದುಹೋಗುತ್ತದೆ; ಶಂಕರರು ಎಣಿಸಿದ ನಿದ್ದೆಯ ಅಪಾಯ ಮಾತ್ರ ಹಾಗೆಯೇ ಉಳಿದು, ಬಿಸಿನೀರಿನಲ್ಲಿ ಇನ್ನಷ್ಟು ಹೆಚ್ಚುತ್ತದೆ. ಧರ್ಮಶಾಸ್ತ್ರದ ಮಡಿಯ ದೃಷ್ಟಿಗೆ ಈ ಏರ್ಪಾಟೇ ಅನುಮಾನಾಸ್ಪದ, ಏಕೆಂದರೆ ಮೈಯ ಕೊಳೆ ಹರಿದುಹೋಗದೆ ಅದೇ ನೀರಿನಲ್ಲಿ ಉಳಿಯುತ್ತದೆ. ಇಳಿಜಾರು ಮಾಡಿನ ಕೆಳಗೆ ಸ್ನಾನ ಮಾಡುವುದು ಮಲೆನಾಡಿಗೆ ಹೊಸದಲ್ಲವಾದರೂ, ಅಲ್ಲಿಯ ಹೆಂಚಿನ ಬಚ್ಚಲುಮನೆಯಲ್ಲಿ ಹಂಡೆಯ ನೀರನ್ನು ಚೊಂಬಿನಿಂದ ಹೊಯ್ದುಕೊಂಡಾಗ ಅದು ಕಲ್ಲುಚಪ್ಪಡಿಯ ಮೇಲೆ ಹರಿದು ತೆಂಗಿನ ಬುಡ ಸೇರುತ್ತಿತ್ತು. ಅಲ್ಲಿ ಸ್ನಾನ ಮುಂದಿನ ಕರ್ಮಕ್ಕೆ ಸಿದ್ಧತೆ. ಪ್ಯಾರಿಸ್ಸಿನ ಅಟ್ಟದ ತೊಟ್ಟಿಯಲ್ಲಿ ಸ್ನಾನವೇ ಒಂದು ತಂಗುದಾಣ. ಧ್ಯಾನದ ಹೆಸರಿನಲ್ಲಿ ಆ ತೊಟ್ಟಿಯನ್ನು ವೈಭವೀಕರಿಸುವುದು ಸಲ್ಲದು.

ವೈಭವೀಕರಣಕ್ಕೆ ಇನ್ನೊಂದು ಅಡ್ಡಿಯೂ ಇದೆ. ಈ ಅಟ್ಟಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕೆಳಗಿನ ಮಹಡಿಗಳ ಸಿರಿವಂತರ ಮನೆಗೆಲಸದವರು ಮಲಗುತ್ತಿದ್ದ ಕೋಣೆಗಳು. ಅವಕ್ಕೆ ಹೋಗಲು ಹಿಂಬದಿಯಲ್ಲಿ ಬೇರೆಯೇ ಮೆಟ್ಟಿಲಿತ್ತು, ನೀರು ಬೇಕಾದರೆ ಕೋಣೆಗಳ ಹೊರಗಿನ ಕಾರಿಡಾರಿನಲ್ಲಿದ್ದ ಒಂದೇ ನಲ್ಲಿಯನ್ನು ಎಲ್ಲರೂ ಹಂಚಿಕೊಳ್ಳುವುದು ವಾಡಿಕೆಯಾಗಿತ್ತು. ಅಂಥ ಹಲವು ಕೋಣೆಗಳನ್ನು ಕೂಡಿಸಿ ಮಾಡಿದ ಮನೆಯಲ್ಲಿ ಇಂದು ಒರಗಿ ಮೀಯುವವರು ತಾವಾಗಿ ತಲೆ ತಗ್ಗಿಸುತ್ತಾರೆ. ಅಂದು ಅಲ್ಲಿ ಮಲಗುತ್ತಿದ್ದ ಕೆಲಸದ ಹೆಂಗಸು ಪ್ರತಿ ಬೆಳಗ್ಗೆ ವಿಧಿಯಿಲ್ಲದೆ ತಗ್ಗಿಸುತ್ತಿದ್ದಳು. ನಿಲ್ಲುವ ಎತ್ತರವನ್ನು ಬೆಲೆಯೊಡನೆ ಗಂಟುಹಾಕಿದ ಕಾರೆಜ್ ಕಾನೂನು ತತ್ತ್ವದಲ್ಲಿ ಒರಟಾಗಿ ಕಂಡರೂ, ಬಗ್ಗಿ ಬದುಕಬೇಕಾದ ಜಾಗವನ್ನು ಪೂರ್ಣ ಬೆಲೆಗೆ ಮಾರಬಾರದೆಂಬ ಅದರ ಹಟದಲ್ಲಿ ನ್ಯಾಯವಿದೆ.

ತೊಟ್ಟಿಯ ಸ್ಥಾನ ನಿಜವಾಗಿ ನಿರ್ಧಾರವಾಗುವುದೂ ಒರಗುವ ಸುಖದಿಂದಲ್ಲ, ಏಳುವ ಕಷ್ಟದಿಂದ. ಸಾಮಾನ್ಯವಾಗಿ 1.70 ಮೀಟರು ಉದ್ದ, 70 ಸೆಂಟಿಮೀಟರು ಅಗಲವಿರುವ ತೊಟ್ಟಿಯ ಉದ್ದಬದಿಯನ್ನು ತಗ್ಗುಗೋಡೆಗೆ ಸೇರಿಸಿದಾಗ, ಹೊರಗಿನ ಅಂಚಿನ ನೇರಕ್ಕೆ ಚಾವಣಿ ತಲೆಗೆ ತಾಗದಷ್ಟು ಏರಿರಬೇಕು. ಅಷ್ಟು ಏರಿರದಿದ್ದರೆ ತೊಟ್ಟಿಯನ್ನು ಗೋಡೆಯಿಂದ ಮುಂದಕ್ಕೆ ಎಳೆಯಬೇಕು, ಇಲ್ಲವೇ ಒರಗುವ ತುದಿ ತಗ್ಗಿನ ಕಡೆಗೂ ಕಾಲಿನ ತುದಿ ಎತ್ತರದ ಕಡೆಗೂ ಬರುವಂತೆ ಅಡ್ಡಲಾಗಿ ತಿರುಗಿಸಬೇಕು. ನೆತ್ತಿಯ ಮೇಲಿನ ಷವರ್‌ಗೆ ಅಲ್ಲಿ ಎಡೆಯಿಲ್ಲದ್ದರಿಂದ ಕೈಯಲ್ಲಿ ಹಿಡಿಯುವ ಷವರ್ ಬರುತ್ತದೆ. ಹಿಡಿದು ಏಳಲು ಒಂದು ಸರಳನ್ನು ಎತ್ತರದ ಬದಿಯಲ್ಲಿ ಭದ್ರವಾಗಿ ಕೂರಿಸುತ್ತಾರೆ. ಒದ್ದೆ ಕಾಲಿನಲ್ಲಿ ಆ ಸರಳನ್ನು ಹಿಡಿದು ಏಳುವ ವೃದ್ಧರ ಗಮನವೆಲ್ಲ, ಶಂಕರರು ಹೇಳಿದಂತೆಯೇ, ಬೀಳದೆ ನಿಲ್ಲುವುದರ ಮೇಲೆ ನೆಟ್ಟಿರುತ್ತದೆ.