ಹೆಚ್ಚಾದದ್ದು ಎಲ್ಲಿಗೆ ಹೋಗಬೇಕು?

ಯಾವುದೇ ವ್ಯವಸ್ಥೆ ಒಂದಲ್ಲ ಒಂದು ದಿನ ಕೆಡುತ್ತದೆಂದು ತಿಳಿದು, ಆಗ ಉಕ್ಕಿ ಬರುವುದಕ್ಕೆ ಮೊದಲೇ ದಾರಿ ಮಾಡಿಡುವುದು ವಿವೇಕವೋ, ಇಲ್ಲ ಕೆಡುಕಿಗೆ ಕೊಟ್ಟ ರಹದಾರಿಯೋ? ಇಂಥ ಪ್ರಶ್ನೆಗಳಿಗೆ ನೀತಿಗ್ರಂಥಗಳಲ್ಲಿ ಉತ್ತರ ಹುಡುಕುವುದು ವಾಡಿಕೆ. ನಾವು ಈ ಸಲ ಹಳೆಯ ಬ್ರಿಟಿಷ್ ಕಾರೊಂದರ ಬಾನೆಟ್ ಎತ್ತಿ ನೋಡೋಣ. ಬಿ.ಎಸ್ಸಿ. ಓದಿ ಕಡತಗಳ ನಡುವೆ ಕಾಲ ಕಳೆಯುವ ನಮ್ಮಂಥವರಿಗೆ ಶಾಸ್ತ್ರವಚನಕ್ಕಿಂತ ಒಂದು ಕೊಳವೆಯ ಸಾಕ್ಷ್ಯವೇ ಬೇಗ ಮನಸ್ಸಿಗೆ ಹಿಡಿಸುತ್ತದೆ.

ಇಂಗ್ಲೆಂಡಿನ ಆಬಿಂಗ್‌ಡನ್ ಊರಿನಲ್ಲಿ 1962ರಿಂದ 1980ರವರೆಗೆ ಎಂಜಿಬಿ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ತಯಾರಾಗುತ್ತಿತ್ತು. ಅದು ನಮಗೆ ತೀರ ಪರಕೀಯವೇನಲ್ಲ. ಅದರ 1798 ಸಿ.ಸಿ. ಎಂಜಿನ್ನೂ, ಒಂದು ಕಾಲದಲ್ಲಿ ನಮ್ಮ ಸರ್ಕಾರಿ ಕಚೇರಿಗಳ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ ಅಂಬಾಸಡರಿನ 1489 ಸಿ.ಸಿ. ಎಂಜಿನ್ನೂ ಒಂದೇ ಮನೆತನದವು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಸರಣಿಯ ದಾಯಾದಿಗಳು. ಇಂಗ್ಲೆಂಡಿನ ರಸ್ತೆಗಳಿಗೆಂದು ತಯಾರಾದ ಎಂಜಿಬಿಗೆ ಎರಡು ಎಸ್.ಯು. ಕಾರ್ಬ್ಯುರೇಟರುಗಳು.

ಅವುಗಳ ಕೆಲಸ ಸರಳವಾದದ್ದು. ಹಿಂದಿನ ಟ್ಯಾಂಕಿನಿಂದ ಪಂಪು ಪೆಟ್ರೋಲನ್ನು ತಂದು ಪ್ರತಿ ಕಾರ್ಬ್ಯುರೇಟರಿನ ಪಕ್ಕದ ಫ್ಲೋಟ್ ಚೇಂಬರಿಗೆ ಸುರಿಯುತ್ತದೆ. ಮನೆಯ ಮೇಲಿನ ನೀರಿನ ತೊಟ್ಟಿಯಲ್ಲಿ ತೇಲುವ ಚೆಂಡಿನಂತೆ ಇಲ್ಲಿಯೂ ಒಂದು ಫ್ಲೋಟು. ಪೆಟ್ರೋಲು ಸಾಕಷ್ಟು ತುಂಬಿದಾಗ ಅದು ಮೇಲೆದ್ದು ಸಣ್ಣ ಸೂಜಿಯೊಂದನ್ನು ಒತ್ತಿ ಒಳದಾರಿಯನ್ನು ಮುಚ್ಚುತ್ತದೆ. ಆದರೆ ಸೂಜಿಯ ಕೆಳಗೆ ಒಂದು ಕಣ ಕಸ ಕೂತರೆ, ಅಥವಾ ಫ್ಲೋಟು ತೂತಾಗಿ ಮುಳುಗಿದರೆ, ಪೆಟ್ರೋಲು ಬರುತ್ತಲೇ ಇರುತ್ತದೆ. ಆಗ ಉಕ್ಕಿದ್ದನ್ನು ಹೊರಗೆ ಒಯ್ಯಲೆಂದೇ ಚೇಂಬರಿನ ಮುಚ್ಚಳದಿಂದ ಒಂದು ಕೊಳವೆ ಇಳಿಬಿಟ್ಟಿದ್ದಾರೆ. ನಮ್ಮ ಕೆರೆಗಳ ಭಾಷೆಯಲ್ಲಿ ಹೇಳುವುದಾದರೆ ಅದು ಕೋಡಿ. ಕೆರೆ ಕಟ್ಟಿದ ಹಿರಿಯರು ತೂಬಿನ ಜೊತೆಗೆ ಕೋಡಿಯನ್ನೂ ಕಟ್ಟಿದರು. ಅದು ಮಳೆಯನ್ನು ಶಂಕಿಸಿದಂತೆಯೂ ಅಲ್ಲ, ಏರಿಯನ್ನು ಹೀನಾಯಿಸಿದಂತೆಯೂ ಅಲ್ಲ. ಆದ್ದರಿಂದ ನಮ್ಮ ಮೊದಲ ಪ್ರಶ್ನೆಯ ಅರ್ಧಕ್ಕೆ ಉತ್ತರ ಸಿಕ್ಕಿತು. ಕೆಡುವ ಸಂಭವವನ್ನು ಒಪ್ಪಿಕೊಂಡು ದಾರಿ ಮಾಡಿಡುವುದು ವಿವೇಕವೇ.

ಆದರೆ ದಾರಿ ಎಲ್ಲಿಂದ ಎಲ್ಲಿಗೆ? ಈ ಎಂಜಿನ್ನಿನಲ್ಲಿ ಕಾರ್ಬ್ಯುರೇಟರುಗಳೂ ಸುಟ್ಟ ಅನಿಲ ಹೊರಬೀಳುವ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಒಂದೇ ಮಗ್ಗುಲಲ್ಲಿವೆ. ನಡುವೆ ಇರುವುದು ಒಂದು ತಗಡಿನ ಮರೆ. ಕಾದ ಕಬ್ಬಿಣದ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಕಾರೇ ಉರಿದೀತು. ಆದಕಾರಣ ಪ್ರತಿ ಚೇಂಬರಿನ ಕೊಳವೆಯೂ ಉದ್ದಕ್ಕೂ ಇಳಿಜಾರಾಗಿಯೇ ಸಾಗಬೇಕು. ನಡುವೆ ಜೋತುಬಿದ್ದರೆ ಅಲ್ಲಿ ಪೆಟ್ರೋಲು ನಿಲ್ಲುತ್ತದೆ. ಅದರ ತುದಿ ಎಕ್ಸಾಸ್ಟ್ ಪೈಪಿನಿಂದ ದೂರವಾಗಿ, ಎಂಜಿನ್ನಿಗಿಂತ ಕೆಳಗೆ, ಬಯಲಿಗೆ ತೆರೆದಿರಬೇಕು. ಪೆಟ್ರೋಲು ತರುವ ರಬ್ಬರ್ ಕೊಳವೆಯೂ ತಗಡಿನ ಅಂಚಿಗೆ ಉಜ್ಜಬಾರದು, ಚೂಪಾಗಿ ಬಾಗಬಾರದು, ಎರಡು ತುದಿಗಳಲ್ಲೂ ಕ್ಲಿಪ್ಪು ಬಿಗಿದಿರಬೇಕು. ಎಥನಾಲ್ ಬೆರೆತ ಇಂದಿನ ಪೆಟ್ರೋಲು ಹಳೆಯ ರಬ್ಬರನ್ನು ತಿನ್ನುವುದರಿಂದ ಈ ಎಚ್ಚರ ಮೊದಲಿಗಿಂತ ಹೆಚ್ಚೇ ಬೇಕು.

ಕೆಳಗೆ ಹನಿ ಬೀಳುವುದನ್ನು ಕಂಡು ಬೇಸತ್ತು ಆ ಕೊಳವೆಗೇ ಬಿರಡೆ ಜಡಿದರೆ? ಅದು ಕೋಡಿ ಮಾತ್ರವಲ್ಲ, ಚೇಂಬರಿನ ಮೂಗೂ ಹೌದು. ಹೊರಗಿನ ಗಾಳಿಯ ಒತ್ತಡ ಅದರ ಮೂಲಕವೇ ಒಳಗಿನ ಪೆಟ್ರೋಲಿನ ಮೇಲೆ ಬೀಳಬೇಕು. ಅದನ್ನು ಮುಚ್ಚಿದರೆ ಸರಿಯಿದ್ದ ಎಂಜಿನ್ನೂ ಉಸಿರುಕಟ್ಟುತ್ತದೆ. ಸೂಜಿ ಸೋರುತ್ತಿದ್ದರಂತೂ ಉಕ್ಕಿದ್ದೆಲ್ಲ ಎಂಜಿನ್ನಿನ ಒಳಕ್ಕೇ ನುಗ್ಗಿ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಹಾಕುತ್ತದೆ. ದೂರು ಹೇಳುವ ಬಾಯನ್ನು ಮುಚ್ಚಿಸಿ ಮನೆಯಲ್ಲಿ ಶಾಂತಿಯಿದೆ ಎನ್ನುವವರು ಇದನ್ನು ಗಮನಿಸಬೇಕು.

ಇನ್ನು ಕಷ್ಟದ ಪ್ರಶ್ನೆ. ಕೊಳವೆಯ ಕೆಳತುದಿ ಇರುವುದು ರಸ್ತೆಯ ಮೇಲೆ. ನಮ್ಮ ಕಾರು ಉಳಿಯಿತು. ಪೆಟ್ರೋಲು ಊರಿನ ಪಾಲಾಯಿತು. ಇದು ಬಚ್ಚಲ ನೀರನ್ನು ನೆರೆಮನೆಯ ಬಾಗಿಲಿಗೆ ಬಿಟ್ಟಂತಲ್ಲವೇ? ಎಂಜಿನಿಯರ ಹೇಳಬಹುದು: ಬೆಂಕಿಗಿಂತ ರಸ್ತೆಯ ಮೇಲಿನ ನಾಲ್ಕು ಹನಿ ಮೇಲು, ಅವು ಕ್ಷಣದಲ್ಲಿ ಆವಿಯಾಗುತ್ತವೆ. ಆಪತ್ತಿನ ಮಟ್ಟಿಗೆ ಈ ವಾದವನ್ನು ನಾವು ಒಪ್ಪುತ್ತೇವೆ. ಆದರೆ ಹನಿ ದಿನವೂ ಬೀಳುತ್ತಿದ್ದು, ಸೂಜಿಯನ್ನು ಬಿಚ್ಚಿ ತೊಳೆಯದೆ ‘ಕೊಳವೆ ಇದೆಯಲ್ಲ’ ಎಂದು ಕೂತರೆ ಅದು ಏರ್ಪಾಡಲ್ಲ, ನೆಪ. ನಮ್ಮ ಸರ್ಕಾರಿ ನಿಯಮಾವಳಿಗಳ ಕೊನೆಯಲ್ಲಿ ‘ವಿಶೇಷ ಸಂದರ್ಭಗಳಲ್ಲಿ ಸಡಿಲಿಸಬಹುದು’ ಎಂಬ ಒಂದು ವಾಕ್ಯ ಇರುವುದುಂಟು. ಅದಿಲ್ಲದಿದ್ದರೆ ನಿಯಮ ಮನುಷ್ಯನನ್ನು ಮುರಿಯುತ್ತದೆ. ಪ್ರತಿ ಕಡತವೂ ವಿಶೇಷ ಸಂದರ್ಭವಾಗತೊಡಗಿದರೆ ನಿಯಮವೇ ಮುರಿಯುತ್ತದೆ. ತಪ್ಪು ಆ ವಾಕ್ಯದ್ದಲ್ಲ. ಅದರ ಮೂಲಕ ಹರಿಯುವುದನ್ನು ಯಾರೂ ಲೆಕ್ಕ ಇಡದಿರುವುದು ತಪ್ಪು.

‘ಆವಿಯಾಯಿತು’ ಎಂಬ ಮಾತನ್ನೂ ಕಾಲ ಸುಮ್ಮನೆ ಬಿಡಲಿಲ್ಲ. ಪೆಟ್ರೋಲಿನ ಆವಿ ಬಿಸಿಲಿನಲ್ಲಿ ಇತರ ಅನಿಲಗಳೊಡನೆ ಕೂಡಿ ಲಾಸ್ ಏಂಜಲೀಸಿನ ಜನರ ಕಣ್ಣು ಉರಿಸುವ ಹೊಗೆಮಂಜಾಗುತ್ತದೆಂದು ರಸಾಯನಶಾಸ್ತ್ರ ತೋರಿಸಿಕೊಟ್ಟಿತು. 1970ರಲ್ಲಿ ಕ್ಯಾಲಿಫೋರ್ನಿಯಾಕ್ಕೂ, 1971ರಿಂದ ಅಮೆರಿಕದ ಉಳಿದ ಭಾಗಕ್ಕೂ ಹೋಗುವ ಕಾರುಗಳಲ್ಲಿ ಈ ಆವಿಯನ್ನು ಹಿಡಿದಿಡಬೇಕೆಂದು ಕಾನೂನು ಬಂತು. ಎಂಜಿಬಿಯಲ್ಲೂ ಇದ್ದಿಲು ತುಂಬಿದ ಡಬ್ಬಿಯೊಂದು ಸೇರಿತು. ಫ್ಲೋಟ್ ಚೇಂಬರಿನ ಉಸಿರು ಬಯಲಿಗೆ ಹೋಗುವ ಬದಲು ಅದರೊಳಕ್ಕೆ ಹೋಯಿತು. ಇದ್ದಿಲು ಆವಿಯನ್ನು ಹೀರಿಕೊಳ್ಳುತ್ತದೆ, ಎಂಜಿನ್ ಓಡುವಾಗ ಅದನ್ನು ಎಳೆದುಕೊಂಡು ಸುಡುತ್ತದೆ. ಊರಿನ ಪಾಲಾಗುತ್ತಿದ್ದದ್ದು ಮತ್ತೆ ಕಾರಿನ ಹೊಣೆಗೇ ಬಂತು.

ಇದು ಹೊಸ ತತ್ವವೇನೂ ಅಲ್ಲ. ನಮ್ಮ ಬಯಲುಸೀಮೆಯ ಸರಣಿ ಕೆರೆಗಳಲ್ಲಿ ಮೇಲಿನ ಕೆರೆಯ ಕೋಡಿ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಸೇರುತ್ತಿತ್ತು. ಕೋಡಿ ಕಟ್ಟಿದವನು ‘ನನ್ನ ಏರಿ ಉಳಿಯಿತು’ ಎಂದಷ್ಟೇ ನೋಡದೆ, ನೀರು ಎಲ್ಲಿ ತಲುಪುತ್ತದೆಂದೂ ನೋಡಿದ್ದ. ಆ ಕಾಲುವೆಗಳನ್ನು ಮುಚ್ಚಿ ಮನೆ ಕಟ್ಟಿದ ಬೆಂಗಳೂರಿನ ಬಡಾವಣೆಗಳಲ್ಲಿ ಇಂದು ಮಳೆನೀರು ಹಜಾರಕ್ಕೆ ಬರುತ್ತಿರುವುದನ್ನು ವಾಚಕರು ಬಲ್ಲರು.

ನಮ್ಮ ಕೋಪ, ನಮ್ಮ ಸಂಪತ್ತು, ನಮ್ಮ ಕೆಲಸದ ಹೊರೆ, ಎಲ್ಲವೂ ಒಮ್ಮೊಮ್ಮೆ ಉಕ್ಕುತ್ತವೆ. ಉಕ್ಕಬಾರದೆಂದು ಯಾರೂ ಕಟ್ಟಪ್ಪಣೆ ಮಾಡಲಾರರು. ಆಫೀಸಿನ ಸಿಟ್ಟಿಗೆ ಮನೆಯ ಮಕ್ಕಳ ದಿಕ್ಕಿಗೆ ಕೊಳವೆ ಇಟ್ಟವನೂ ಒಂದು ದಾರಿಯನ್ನು ಮಾಡಿಕೊಂಡವನೇ. ದಾರಿ ಇದೆಯೇ ಎಂಬಲ್ಲಿಗೆ ವಿಚಾರ ನಿಲ್ಲಬಾರದು. ಅದರ ಕೆಳತುದಿ ಯಾರ ಮೇಲೆ ತೆರೆದಿದೆ ಎಂಬುದನ್ನು ಆಗಾಗ ಬಗ್ಗಿ ನೋಡುವುದೂ ನಮ್ಮದೇ ಕರ್ತವ್ಯ.